ಪ್ರೋಗ್ರಾಮೆಬಲ್ ಕ್ಯಾಲ್ಕುಲೇಟರಿನಲ್ಲಿ ಅಂಕಿ ಇಡುವುದು, ತೆಗೆಯುವುದು, ತಿದ್ದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಕಾಲುವೆ, ರಸ್ತೆ, ಲೇಔಟ್ ಲೆವೆಲಿಂಗ್ (ನೆಲದ ಎತ್ತರ ತಗ್ಗು ಅಳೆಯುವುದು) ಮಾಡುವ ಸರ್ವೆಯವರು, ಸೈಟ್ ಎಂಜಿನಿಯರುಗಳು, ಸಿವಿಲ್ ಓದುತ್ತಿರುವ ಹುಡುಗ ಹುಡುಗಿಯರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಹೆಚ್ಚಿನ ಉದಾಹರಣೆಗಳು ಕ್ಯಾಸಿಯೊ ಎಫ್‌ಎಕ್ಸ್-5800ಪಿ ಮೇಲೆ ಇವೆ, ಸೈಟಿನಲ್ಲಿ ಬಳಸಲು ಹೇಳಿ ಮಾಡಿಸಿದ ಮೆಷಿನ್ ಅದು. ಟಿಐ, ಎಚ್‌ಪಿ ಇಟ್ಟುಕೊಂಡವರಿಗೆ ಬೇಕಾದದ್ದು ಅಲ್ಲಲ್ಲಿ ಬರುತ್ತದೆ. ಕೀ ಮೇಲಿನ ಅಕ್ಷರ, ಕಮಾಂಡುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಸೂತ್ರ ತಪ್ಪಿ ಲೆಕ್ಕ ಕೆಡುವುದು ಅಪರೂಪ. ಯಾವ ಅಂಕಿ ಯಾವ ಖಾನೆಯಲ್ಲಿ ಕೂತಿದೆ, ಆ ಖಾನೆಗೆ ಇನ್ನಾರು ಕೈ ಹಾಕುತ್ತಾರೆ ಎಂಬುದು ಬರೆದವರಿಗೇ ಗೊತ್ತಿಲ್ಲದೆ ಕೆಡುವುದೇ ಹೆಚ್ಚು. ಕೆಳಗಿನ ಮುಕ್ಕಾಲು ಉತ್ತರಗಳು ಇದೊಂದರ ಸುತ್ತಲೇ ಇವೆ.

ನಮ್ಮ ಹತ್ತಿರ ಎಫ್‌ಎಕ್ಸ್-991 ಐತ್ರಿ. ಇದರೊಳಗೆ ಪ್ರೋಗ್ರಾಂ ಬರೀಬಹುದಾ?

ಇಲ್ಲ. ಅದರಲ್ಲಿ ಕೆಲವು ಅಕ್ಷರ ಮೆಮೊರಿಗಳಿವೆ, ಸೂತ್ರ ಬರೆದು ಕ್ಯಾಲ್ಕ್ ಕೀ ಒತ್ತಿ ಬೆಲೆ ತುಂಬುವ ಸೌಕರ್ಯವಿದೆ, ಅಷ್ಟೇ. ಆಫ್ ಮಾಡಿದರೆ ಬರೆದ ಸೂತ್ರ ಹೋಗುತ್ತದೆ, ಅಕ್ಷರಗಳಲ್ಲಿ ಇಟ್ಟ ಅಂಕಿ ಉಳಿಯುತ್ತದೆ. ಪ್ರೋಗ್ರಾಂ ಬೇಕಿದ್ದರೆ ಬೇರೆ ಮೆಷಿನ್ ಬೇಕು. ಆದರೆ ಪರೀಕ್ಷೆಗೆಂದು ಅದನ್ನು ಕೊಳ್ಳಬೇಡಿ: ನಮ್ಮಲ್ಲಿ ಬಹುತೇಕ ಎಂಜಿನಿಯರಿಂಗ್ ಪರೀಕ್ಷೆಗಳಲ್ಲಿ ಪ್ರೋಗ್ರಾಮೆಬಲ್ ಕ್ಯಾಲ್ಕುಲೇಟರನ್ನು ಒಳಗೆ ಬಿಡುವುದಿಲ್ಲ. ಸೈಟಿಗೆ ಅದು, ಪರೀಕ್ಷೆಗೆ 991.

ಅಂಕಿ ಇಡೋದಕ್ಕೆ ಎಷ್ಟು ಬಗೆಯ ಜಾಗ ಇರುತ್ತೆ?

ಅಕ್ಷರಗಳು, ಅಂದರೆ ಎ ಇಂದ ಝೆಡ್‌ವರೆಗಿನ 26 ಖಾನೆಗಳು. ಒಂದಕ್ಕೆ ಒಂದೇ ಅಂಕಿ. ಲೆಕ್ಕದ ನಡುವಿನ ಬೆಲೆಗಳಿಗೆ ಇವು ಸರಿ, ಇಡೀ ದಿನದ ರೀಡಿಂಗಿಗೆ (ಸ್ಟಾಫ್ ಎಂಬ ಅಳತೆ ಕೋಲಿನ ಮೇಲೆ ಓದಿದ ಅಂಕಿಗಳಿಗೆ) ಸಾಲುವುದಿಲ್ಲ.

ನಂಬರ್ ಹಾಕಿದ ಖಾನೆಗಳು. ಎಫ್‌ಎಕ್ಸ್-5800ಪಿಯಲ್ಲಿ ಝೆಡ್[1], ಝೆಡ್[2] ಎಂದು ಬರುತ್ತವೆ. ಒಳಗಿನ ನಂಬರಿನ ಬದಲು ಲೆಕ್ಕವನ್ನೂ ಕೊಡಬಹುದು: ಝೆಡ್[ಕೆ+2] ಎಂದರೆ ಕೆ 5 ಇದ್ದಾಗ ಏಳನೇ ಖಾನೆ. ಲೂಪ್ (ಅದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವುದು) ಹಾಕಿ ನೂರು ರೀಡಿಂಗನ್ನು ಎರಡು ಸಾಲಿನಲ್ಲಿ ಓದುವ ಶಕ್ತಿ ಬರುವುದು ಇದರಿಂದಲೇ. ಎಚ್‌ಪಿ ಮೆಷಿನ್ನುಗಳಲ್ಲಿ ಇದೇ ಕೆಲಸಕ್ಕೆ ಇನ್‌ಡೈರೆಕ್ಟ್ ರಿಜಿಸ್ಟರ್ ಎನ್ನುತ್ತಾರೆ.

ಲಿಸ್ಟ್ ಮತ್ತು ಮ್ಯಾಟ್ರಿಕ್ಸ್. ಟಿಐ-84 ಪ್ಲಸ್, ಕ್ಯಾಸಿಯೊ ಗ್ರಾಫ್ ಮೆಷಿನ್ನುಗಳಲ್ಲಿ ಇವೇ ಮುಖ್ಯ. ಲಿಸ್ಟಿಗೆ ಉದ್ದ ಗೊತ್ತಿರುತ್ತದೆ, ವಿಂಗಡಿಸುವುದು, ಕೂಡುವುದು ಒಂದೇ ಕಮಾಂಡಿನಲ್ಲಿ ಆಗುತ್ತದೆ.

ಕೊನೆಯದು ಸ್ಟಾಟಿಸ್ಟಿಕ್ಸ್ ಖಾನೆಗಳು ಹಾಗೂ ಆನ್ಸ್ (ಹಿಂದಿನ ಲೆಕ್ಕದ ಉತ್ತರ). ಆನ್ಸ್‌ನಲ್ಲಿ ಏನನ್ನೂ ಇಟ್ಟುಕೊಂಡೆ ಎಂದು ಭಾವಿಸಬೇಡಿ. ಮುಂದಿನ ಲೆಕ್ಕಕ್ಕೇ ಅದು ಬದಲಾಗುತ್ತದೆ.

ಎಷ್ಟು ರೀಡಿಂಗ್ ಹಿಡಿಸುತ್ತೆ?

ಎಫ್‌ಎಕ್ಸ್-5800ಪಿಯಲ್ಲಿ ಪ್ರೋಗ್ರಾಂ, ಹೆಚ್ಚುವರಿ ಖಾನೆ ಎರಡಕ್ಕೂ ಸೇರಿ 28,500 ಬೈಟ್ ಇದೆ. ಒಂದು ಝೆಡ್ ಖಾನೆಗೆ 12 ಬೈಟ್ ಖರ್ಚು. 200 ರೀಡಿಂಗಿಗೆ ಸುಮಾರು ಎರಡೂವರೆ ಸಾವಿರ ಬೈಟ್ ಸಾಕು, ಒಂದು ದಿನದ ಲೆವೆಲಿಂಗ್ ಆರಾಮವಾಗಿ ಹಿಡಿಸುತ್ತದೆ.

ಟಿಐ-84 ಪ್ಲಸ್‌ನಲ್ಲಿ ಬಳಸಲು ಸಿಗುವ ರ‍್ಯಾಮ್ ಸುಮಾರು 24 ಕೆಬಿ. ಲಿಸ್ಟಿನ ಒಂದು ಅಂಕಿಗೆ 9 ಬೈಟ್, ಒಂದು ಲಿಸ್ಟಿಗೆ ಹೆಚ್ಚೆಂದರೆ 999 ಅಂಕಿ. ಮ್ಯಾಟ್ರಿಕ್ಸಿಗೆ 99×99 ಎಂದು ಮಿತಿ ಇದ್ದರೂ ಅದನ್ನು ನಂಬಬೇಡಿ: 99×99×9 ಎಂದರೆ 88,209 ಬೈಟ್, ಅಷ್ಟು ಜಾಗವೇ ಇಲ್ಲ. 50×50ಕ್ಕೆ 22,500 ಬೈಟ್, ಅದೂ ಬೇರೇನೂ ಇಲ್ಲದಿದ್ದರೆ ಮಾತ್ರ. ಎಫ್‌ಎಕ್ಸ್-5800ಪಿಯ ಮ್ಯಾಟ್ರಿಕ್ಸ್ 10×10ಕ್ಕೇ ನಿಲ್ಲುತ್ತದೆ, ಹಾಗಾಗಿ ಕಾಲುವೆಯ ಅಡ್ಡ ಸೀಳಿಕೆಗಳನ್ನೆಲ್ಲ ಅದರಲ್ಲಿ ಇಡುವ ಯೋಚನೆ ಬಿಟ್ಟು ಝೆಡ್ ಖಾನೆ ಬಳಸಿ.

ಪ್ರೋಗ್ರಾಂ ಶುರು ಮಾಡುವ ಮುಂಚೆ ಏನು ಮಾಡಬೇಕು?

ಕಾಗದದ ಮೇಲೆ ಖಾನೆ ಪಟ್ಟಿ ಬರೆಯಿರಿ. ಯಾವ ಅಕ್ಷರ ಯಾವುದಕ್ಕೆ, ಯಾವ ನಂಬರಿನ ಖಾನೆಯಿಂದ ರೀಡಿಂಗ್ ಶುರು, ಎಣಿಕೆ ಎಲ್ಲಿ. ಮುಂದಿನ ಲೆವೆಲಿಂಗ್ ಉದಾಹರಣೆಗೆ ನಮ್ಮ ಪಟ್ಟಿ ಹೀಗಿದೆ:

ಝೆಡ್[1]: ಎಷ್ಟು ರೀಡಿಂಗ್ ಬಂದಿವೆ ಎಂಬ ಎಣಿಕೆ
ಝೆಡ್[2]: ಬೆಂಚ್ ಮಾರ್ಕಿನ (ಎತ್ತರ ಮೊದಲೇ ಗೊತ್ತಿರುವ ಗುರುತು) ಆರ್‌ಎಲ್ (ರೆಡ್ಯೂಸ್ಡ್ ಲೆವೆಲ್, ಅಂದರೆ ಆ ಜಾಗದ ಎತ್ತರ), ಮೀಟರಿನಲ್ಲಿ
ಝೆಡ್[3]ರಿಂದ ಮುಂದೆ: ರೀಡಿಂಗುಗಳು, ಬಂದ ಕ್ರಮದಲ್ಲೇ
ಟಿ: ರೀಡಿಂಗಿನ ವಿಧ. 1 ಬ್ಯಾಕ್ ಸೈಟ್ (ಎತ್ತರ ಗೊತ್ತಿರುವ ಜಾಗದ್ದು), 2 ಇಂಟರ್‌ಮೀಡಿಯೆಟ್ (ನಡುವಿನದು), 3 ಫೋರ್ ಸೈಟ್ (ಉಪಕರಣ ಎತ್ತುವ ಮುಂಚಿನ ಕೊನೆಯದು), 9 ಮುಗಿಯಿತು
ಎಂ: ಸ್ಟಾಫ್ ರೀಡಿಂಗ್
ಎಚ್: ಹೈಟ್ ಆಫ್ ಇನ್‌ಸ್ಟ್ರುಮೆಂಟ್ (ಉಪಕರಣದ ದೃಷ್ಟಿರೇಖೆಯ ಎತ್ತರ)
ಆರ್: ಆರ್‌ಎಲ್
ಎಸ್: ತಾಳೆಯ ಮೊತ್ತ
ಕೆ: ಲೂಪ್ ಎಣಿಕೆ, ಎನ್, ಪಿ: ತಾತ್ಕಾಲಿಕ
ಐ, ಜೆ: ಮುಟ್ಟಬಾರದು

ಎಣಿಕೆಯನ್ನು ಅಕ್ಷರದಲ್ಲಿ ಇಡದೆ ಝೆಡ್[1]ರಲ್ಲಿ ಇಟ್ಟದ್ದಕ್ಕೆ ಕಾರಣವಿದೆ. ಅಕ್ಷರಗಳನ್ನು ಬೇರೆ ಪ್ರೋಗ್ರಾಮುಗಳು, ಕೈಲೆಕ್ಕ, ಪಕ್ಕದವರು ಎಲ್ಲರೂ ಬಳಸುತ್ತಾರೆ. ರೀಡಿಂಗ್ ಎಲ್ಲಿದೆಯೋ ಅದರ ಎಣಿಕೆಯೂ ಅಲ್ಲೇ ಇದ್ದರೆ ಎರಡೂ ಒಟ್ಟಿಗೆ ಉಳಿಯುತ್ತವೆ.

ರೀಡಿಂಗ್ ತುಂಬುವ ಪ್ರೋಗ್ರಾಂ ಹೇಗಿರಬೇಕು?

ಮೂರು ಪ್ರೋಗ್ರಾಮುಗಳಾಗಿ ಒಡೆಯಿರಿ. ಮೊದಲನೆಯದು ಆರಂಭದ್ದು, ದಿನಕ್ಕೆ ಒಮ್ಮೆ ಮಾತ್ರ ಓಡಿಸುವುದು (→ ಎಂದರೆ ಎಡಗಡೆಯದನ್ನು ಬಲಗಡೆಯ ಖಾನೆಗೆ ಹಾಕುವುದು, ಡಿಮ್ ಝೆಡ್ ಎಂದರೆ ಎಷ್ಟು ಝೆಡ್ ಖಾನೆ ಬೇಕೆಂದು ಹೇಳುವುದು):

202→ಡಿಮ್ ಝೆಡ್
0→ಝೆಡ್[1]
"ಬಿಎಂ"?→ಆರ್
ಆರ್→ಝೆಡ್[2]

ಎರಡನೆಯದು ರೀಡಿಂಗ್ ತುಂಬುವುದು (⇒ ಎಂದರೆ ಎಡಗಡೆಯದು ನಿಜವಾದರೆ ಮಾತ್ರ ಬಲಗಡೆಯದನ್ನು ಮಾಡುವುದು):

ಲೇಬಲ್ 1
"ವಿಧ"?→ಟಿ
ಟಿ=9 ⇒ ಸ್ಟಾಪ್
"ಮಿಮೀ"?→ಎಂ
ಆಬ್ಸ್(ಎಂ)>4000 ⇒ ಗೋಟು 1
ಝೆಡ್[1]+1→ಎನ್
10000ಟಿ+ಎಂ+5000→ಝೆಡ್[ಎನ್+2]
ಎನ್→ಝೆಡ್[1]
ಗೋಟು 1

(ಪರದೆಯ ಮೇಲೆ ಬರುವ ಪ್ರಶ್ನೆ ಪದಗಳನ್ನು ಮೆಷಿನ್ನಿನ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿಕೊಳ್ಳಿ.)

ಇಲ್ಲಿ ಗಮನಿಸಬೇಕಾದವು ಹಲವು. ರೀಡಿಂಗನ್ನು ಮಿಲಿಮೀಟರಿನಲ್ಲೇ ಕೇಳುತ್ತೇವೆ: 1.250 ಬದಲು 1250. ಬಿಸಿಲಲ್ಲಿ ಚುಕ್ಕೆ ಒತ್ತಲು ಮರೆಯುವುದು ಸಾಮಾನ್ಯ, ಚುಕ್ಕೆಯೇ ಬೇಡವೆಂದರೆ ಆ ತಪ್ಪಿಗೆ ಜಾಗವಿಲ್ಲ. ನಾಲ್ಕು ಮೀಟರ್ ಸ್ಟಾಫಿಗೆ 4000 ದಾಟುವ ರೀಡಿಂಗ್ ಇರಲಾರದು, ದಾಟಿದರೆ ಪ್ರೋಗ್ರಾಂ ಮತ್ತೆ ಕೇಳುತ್ತದೆ. ಐದು ಮೀಟರ್ ಸ್ಟಾಫ್ ಇದ್ದರೆ ಮಿತಿಯನ್ನು 4999 ಮಾಡಿ. ಅದಕ್ಕಿಂತ ಮೇಲೆ ಬೇಡ, ಯಾಕೆಂಬುದು ಮುಂದಿನ ಪ್ರಶ್ನೆಯಲ್ಲಿದೆ.

ಅಂಕಿಯನ್ನು ಮೊದಲು ಖಾನೆಯಲ್ಲಿಟ್ಟು, ಎಣಿಕೆಯನ್ನು ಆಮೇಲೆ ಏರಿಸುತ್ತೇವೆ. ನಡುವೆ ಯಾರಾದರೂ ಎಸಿ ಒತ್ತಿದರೂ ಎಣಿಕೆ ಹೇಳುವಷ್ಟು ರೀಡಿಂಗ್ ಖಂಡಿತ ಇರುತ್ತವೆ. ತಿರುವುಮುರುವು ಮಾಡಿದರೆ ಖಾಲಿ ಖಾನೆಯೊಂದು ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ಡಿಮ್ ಝೆಡ್ ಸಾಲನ್ನು ತುಂಬುವ ಪ್ರೋಗ್ರಾಮಿಗೆ ಸೇರಿಸಲೇಬೇಡಿ. ಊಟದ ನಂತರ ಮತ್ತೆ ಓಡಿಸಿದಾಗ ಖಾನೆಗಳ ಗತಿ ಏನಾದೀತು ಎಂಬ ಪ್ರಶ್ನೆಯೇ ಏಳಬಾರದು. ಹಾಗೆಯೇ ಆರಂಭದ ಪ್ರೋಗ್ರಾಮಿಗೆ ಬೇರೆ ಥರದ ಹೆಸರಿಡಿ. ಪಟ್ಟಿಯಲ್ಲಿ ಅಕ್ಕಪಕ್ಕ ಕೂತ ಒಂದೇ ಥರದ ಹೆಸರುಗಳಲ್ಲಿ ತಪ್ಪಿದ್ದನ್ನು ಓಡಿಸಿದರೆ ಎಣಿಕೆ ಸೊನ್ನೆಯಾಗುತ್ತದೆ. ಆದರೂ ಗಾಬರಿ ಬೇಡ: ಖಾನೆಗಳನ್ನು ಒಂದೊಂದಾಗಿ ಕರೆದು ನೋಡಿ, ರೀಡಿಂಗುಗಳು ಇದ್ದರೆ ಝೆಡ್[1]ಕ್ಕೆ ಸರಿಯಾದ ಎಣಿಕೆ ಕೈಯಿಂದ ಹಾಕಿದರಾಯಿತು.

ವಿಧ ಮತ್ತು ರೀಡಿಂಗನ್ನು ಒಂದೇ ಖಾನೆಯಲ್ಲಿ ಸೇರಿಸಿ ಇಡೋದು ಯಾಕೆ? ಆ 5000 ಏನದು?

ಒಂದು ರೀಡಿಂಗಿಗೆ ಒಂದೇ ಖಾನೆ ಆದರೆ ಸೇರಿಸುವುದು, ಅಳಿಸುವುದು ಎಲ್ಲವೂ ಸಲೀಸು. ವಿಧವೊಂದು ಕಡೆ, ಅಂಕಿಯೊಂದು ಕಡೆ ಇದ್ದರೆ ಒಂದನ್ನು ಸರಿಸಿ ಇನ್ನೊಂದನ್ನು ಮರೆಯುವ ಅಪಾಯ ಇದ್ದೇ ಇದೆ.

ಸೇರಿಸುವಾಗ ಮೈನಸ್ ಅಂಕಿಯನ್ನು ನೆನಪಿನಲ್ಲಿಡಿ. ಸೇತುವೆ ಅಥವಾ ಸ್ಲ್ಯಾಬಿನ ಕೆಳಮೈಗೆ ಸ್ಟಾಫನ್ನು ತಲೆಕೆಳಗಾಗಿ ಹಿಡಿದಾಗ ರೀಡಿಂಗನ್ನು ಮೈನಸ್ ಮಾಡಿ ಹಾಕುತ್ತೇವೆ. 5000 ಇಲ್ಲದೆ ವಿಧ 2, ರೀಡಿಂಗ್ −850 ಸೇರಿಸಿದರೆ 19150 ಆಗುತ್ತದೆ. ಬಿಡಿಸುವಾಗ ಅದು ವಿಧ 1, ರೀಡಿಂಗ್ 9150 ಎಂದು ಬರುತ್ತದೆ, ಇಂಟರ್‌ಮೀಡಿಯೆಟ್ ಹೋಗಿ ಬ್ಯಾಕ್ ಸೈಟ್ ಆಯಿತು. 5000 ಕೂಡಿಸಿದರೆ 24150. ಬಿಡಿಸಿದರೆ ವಿಧ 2, 4150−5000, ಅಂದರೆ −850. ಸರಿಹೋಯಿತು. ರೀಡಿಂಗ್ 5000 ಮುಟ್ಟಿದರೆ ಮಾತ್ರ ಪಕ್ಕದ ವಿಧಕ್ಕೆ ಜಿಗಿಯುತ್ತದೆ, ಮೇಲೆ 4999ರ ಮಿತಿ ಹೇಳಿದ್ದು ಅದಕ್ಕೇ. ಇದೇ ಕಾರಣಕ್ಕೆ ‘ಮುಗಿಯಿತು’ ಎನ್ನಲು −1 ಬಳಸಿಲ್ಲ, ಸೊನ್ನೆಯನ್ನೂ ಬಳಸಿಲ್ಲ. ಎರಡೂ ನಿಜವಾದ ರೀಡಿಂಗ್ ಆಗಿರಬಹುದು.

ಈಗ ಆರ್‌ಎಲ್ ತೆಗೆಯೋದು ಹೇಗೆ?

ಮೂರನೇ ಪ್ರೋಗ್ರಾಂ ಖಾನೆಗಳನ್ನು ಓದುತ್ತದೆ, ಒಂದನ್ನೂ ಬದಲಿಸುವುದಿಲ್ಲ. ಹಾಗಾಗಿ ಎಷ್ಟು ಸಲ ಬೇಕಾದರೂ ಓಡಿಸಬಹುದು. (◢ ಎಂದರೆ ಬೆಲೆ ತೋರಿಸಿ ನಿಲ್ಲುವುದು.)

ಝೆಡ್[2]→ಆರ್
0→ಎಸ್
0→ಎಚ್
ಝೆಡ್[1]→ಎನ್
ಫಾರ್ 1→ಕೆ ಟು ಎನ್
ಝೆಡ್[ಕೆ+2]→ಪಿ
ಇಂಟ್(ಪಿ÷10000)→ಟಿ
(ಪಿ−10000ಟಿ−5000)÷1000→ಎಂ
ಟಿ=1 ⇒ ಆರ್+ಎಂ→ಎಚ್
ಟಿ≠1 ⇒ ಎಚ್−ಎಂ→ಆರ್
ಟಿ=1 ⇒ ಎಸ್+ಎಂ→ಎಸ್
ಟಿ=3 ⇒ ಎಸ್−ಎಂ→ಎಸ್
ಆರ್ ◢
ನೆಕ್ಸ್ಟ್
ಆರ್−ಝೆಡ್[2]−ಎಸ್ ◢

ಪರೀಕ್ಷೆಗೆ ಈ ಅಂಕಿಗಳನ್ನು ಹಾಕಿ. ಬೆಂಚ್ ಮಾರ್ಕ್ 452.300. ಬ್ಯಾಕ್ ಸೈಟ್ 1250, ಇಂಟರ್‌ಮೀಡಿಯೆಟ್ 1680 ಮತ್ತು 2115, ಫೋರ್ ಸೈಟ್ 2340, ಮತ್ತೆ ಬ್ಯಾಕ್ ಸೈಟ್ 985, ಫೋರ್ ಸೈಟ್ 1505. ಝೆಡ್[3]ರಿಂದ ಝೆಡ್[8]ರವರೆಗೆ ಕ್ರಮವಾಗಿ 16250, 26680, 27115, 37340, 15985, 36505 ಇರಬೇಕು. ಝೆಡ್[1]ರಲ್ಲಿ 6. ಆರ್‌ಎಲ್ ಪ್ರೋಗ್ರಾಂ 452.3, 451.87, 451.435, 451.21, ಮತ್ತೆ 451.21, 450.69 ತೋರಿಸಿ ಕೊನೆಗೆ 0 ತೋರಿಸಬೇಕು. ಬ್ಯಾಕ್ ಸೈಟ್ ಬಂದಾಗ ಹಿಂದಿನ ಆರ್‌ಎಲ್ಲೇ ಮತ್ತೆ ಕಾಣುತ್ತದೆ, ಅದು ಅದೇ ಚೇಂಜ್ ಪಾಯಿಂಟಿನ (ಉಪಕರಣ ಸರಿಸುವಾಗ ಸ್ಟಾಫ್ ನಿಂತ ಜಾಗದ) ಆರ್‌ಎಲ್, ತಪ್ಪಲ್ಲ.

ಕೈಯಿಂದ ತಾಳೆ: ಬ್ಯಾಕ್ ಸೈಟ್ ಮೊತ್ತ 2.235, ಫೋರ್ ಸೈಟ್ ಮೊತ್ತ 3.845, ವ್ಯತ್ಯಾಸ −1.610. ಕೊನೆಯ ಆರ್‌ಎಲ್‌ನಿಂದ ಮೊದಲಿನದನ್ನು ಕಳೆದರೂ −1.610.

ಕೊನೆಯ ರೀಡಿಂಗ್ ಫೋರ್ ಸೈಟ್ ಆಗಿರದಿದ್ದರೆ ಸೊನ್ನೆ ಬರುವುದಿಲ್ಲ. ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಈ ಸೊನ್ನೆ ಕೂಡು ಕಳೆ ಸರಿ ಇದೆ ಎಂದಷ್ಟೇ ಹೇಳುತ್ತದೆ. ಸ್ಟಾಫನ್ನೇ ತಪ್ಪು ಓದಿದ್ದರೆ ಆ ತಪ್ಪು ಎರಡೂ ಕಡೆ ಸಮನಾಗಿ ಸೇರಿ ಸೊನ್ನೆಯೇ ಬರುತ್ತದೆ. ಓದಿದ್ದು ಸರಿಯೇ ಎಂದು ತಿಳಿಯಬೇಕಾದರೆ ಬೆಂಚ್ ಮಾರ್ಕಿಗೆ ವಾಪಸು ಬಂದು, ಅದರ ಎತ್ತರವೇ ಬರುತ್ತದೆಯೇ ಎಂದು ನೋಡಿ ಮುಚ್ಚಲೇಬೇಕು. ನಾರಾಯಣಪುರ ಎಡದಂಡೆಯ ಹಂಚುಕಾಲುವೆಗಳಂಥ ಕಡೆ ಇಳಿಜಾರು ತೀರಾ ಕಡಿಮೆ, ಕೆಲವು ಸೆಂಟಿಮೀಟರ್ ತಪ್ಪಿದರೂ ಟೇಲ್ ಎಂಡಿನ ಹೊಲಕ್ಕೆ ನೀರು ಹತ್ತುವುದಿಲ್ಲ.

ಐ, ಜೆ ಯಾಕೆ ಮುಟ್ಟಬಾರದು?

ಎಫ್‌ಎಕ್ಸ್-5800ಪಿಯಲ್ಲಿ ಪೋಲ್ ಅಥವಾ ರೆಕ್ (ಎಕ್ಸ್, ವೈ ಅಳತೆಯನ್ನು ಉದ್ದ, ಕೋನಕ್ಕೆ ಅಥವಾ ತಿರುಗಿ ಬದಲಿಸುವ ಕಮಾಂಡುಗಳು) ಬಳಸಿದರೆ ಉತ್ತರಗಳೆರಡೂ ಹೇಳದೆ ಕೇಳದೆ ಐ ಮತ್ತು ಜೆ ಖಾನೆಗಳಿಗೆ ಹೋಗಿ ಕೂರುತ್ತವೆ. ಟ್ರಾವರ್ಸ್ (ಬದಿ, ಕೋನ ಅಳೆಯುತ್ತ ಸಾಗುವ ಸರ್ವೆ) ಪ್ರೋಗ್ರಾಮಿನಲ್ಲಿ ಲೂಪ್ ಎಣಿಕೆಗೆ ಐ ಇಟ್ಟು, ಒಳಗೆ ಪೋಲ್ ಕರೆದರೆ ಏನಾಗುತ್ತದೆ ನೋಡಿ. ಮೊದಲ ಸುತ್ತಿನಲ್ಲಿ ಐ 1 ಇತ್ತು, ಪೋಲ್ ಮುಗಿದಾಗ ಅದು ಬದಿಯ ಉದ್ದ ಆಗಿರುತ್ತದೆ, ಉದಾಹರಣೆಗೆ 48.36. ಐದು ಸ್ಟೇಷನ್ನಿನ ಲೂಪ್ ಒಂದೇ ಸುತ್ತಿಗೆ ಮುಗಿಯುತ್ತದೆ. ಬದಿ 1 ಮೀಟರಿಗಿಂತ ಚಿಕ್ಕದಿದ್ದರೆ ಲೂಪ್ ಮುಗಿಯುವುದೇ ಇಲ್ಲ. ಎರಡಕ್ಕೂ ಎರರ್ ಮೆಸೇಜ್ ಬರುವುದಿಲ್ಲ, ಅದೇ ತೊಂದರೆ.

ಎಫ್‌ಎಕ್ಸ್-991ಇಎಸ್‌ನಲ್ಲಿ ಇದೇ ಉತ್ತರಗಳು ಎಕ್ಸ್, ವೈಗೆ ಹೋಗುತ್ತವೆ, 991ಎಂಎಸ್‌ನಲ್ಲಿ ಇ, ಎಫ್‌ಗೆ. ಒಂದು ಮೆಷಿನ್ನಿನಿಂದ ಇನ್ನೊಂದಕ್ಕೆ ಪ್ರೋಗ್ರಾಂ ಬರೆದುಕೊಳ್ಳುವಾಗ ಮೊದಲು ನೋಡಬೇಕಾದ್ದು ಇದನ್ನೇ. ಟಿಐಯಲ್ಲಿ ಗ್ರಾಫ್ ಹಾಕಿದರೆ ಎಕ್ಸ್, ವೈ ಬದಲಾಗುತ್ತವೆ, ಅಲ್ಲಿ ಅವೆರಡನ್ನು ಬಿಡಿ.

ಪ್ರೋಗ್ರಾಂ ನಿನ್ನೆ ಸರಿ ಇತ್ತು, ಇವತ್ತು ಉತ್ತರ ಬ್ಯಾರೆ ಬರ್ತದಲ್ರಿ?

ಮೊತ್ತ ಕೂಡಿಸುವ ಅಕ್ಷರವನ್ನು ಶುರುವಿನಲ್ಲಿ ಸೊನ್ನೆ ಮಾಡಿಲ್ಲ. ನಿನ್ನೆ ಮೆಷಿನ್ ಹೊಸದಾಗಿ ಸೊನ್ನೆಯಲ್ಲಿತ್ತು, ಇವತ್ತು ನಿನ್ನೆಯ ಮೊತ್ತದ ಮೇಲೆ ಕೂಡುತ್ತಿದೆ. ಮೇಲಿನ ಪ್ರೋಗ್ರಾಮಿನಲ್ಲಿ 0→ಎಸ್ ಸಾಲು ಇರುವುದು ಅದಕ್ಕೆ. ಎಲ್ಲವನ್ನೂ ಒಮ್ಮೆಗೇ ಅಳಿಸುವ ಕ್ಲಿಯರ್ ಮೆಮೊರಿ ಕಮಾಂಡನ್ನು ಇದಕ್ಕೆ ಬಳಸಬೇಡಿ, ಬೇರೆ ಪ್ರೋಗ್ರಾಂ ಇಟ್ಟುಕೊಂಡ ಅಕ್ಷರಗಳೂ ಸೊನ್ನೆಯಾಗುತ್ತವೆ. ತಾನು ಬಳಸುವ ಅಕ್ಷರವನ್ನು ಪ್ರತಿ ಪ್ರೋಗ್ರಾಮೂ ತಾನೇ ಸೊನ್ನೆ ಮಾಡಿಕೊಳ್ಳಲಿ.

ಇನ್ನೊಂದು ಕಾರಣ: ಪ್ರಶ್ನೆ ಬಂದಾಗ ಅಂಕಿ ಹಾಕದೆ ಬರೀ ಎಕ್ಸ್‌ಇ ಒತ್ತಿದ್ದು. ನಿಮ್ಮ ಮೆಷಿನ್ ಆಗ ಹಳೆಯ ಬೆಲೆ ಉಳಿಸಿಕೊಳ್ಳುತ್ತದೋ ಎಂದು ಕೂತಲ್ಲೇ ಪರೀಕ್ಷಿಸಿ: ಎಂ ಖಾನೆಗೆ 7 ಹಾಕಿ, ಪ್ರೋಗ್ರಾಂ ಓಡಿಸಿ, ಬರೀ ಎಕ್ಸ್‌ಇ ಒತ್ತಿ, ಆಮೇಲೆ ಎಂ ಕರೆದು ನೋಡಿ.

ನಡುವಿನ ಒಂದು ರೀಡಿಂಗ್ ಬಿಟ್ಟುಹೋಗಿದೆ, ಅಥವಾ ಹೆಚ್ಚಿಗೆ ಬಂದಿದೆ. ಸರಿಪಡಿಸೋದು ಹೇಗೆ?

ಬೆಲೆಯಷ್ಟೇ ತಪ್ಪಿದ್ದರೆ ಸುಲಭ. ನಾಲ್ಕನೇ ರೀಡಿಂಗ್ 2340 ಅಲ್ಲ 2430 ಎಂದಿದ್ದರೆ 37430→ಝೆಡ್[6] ಎಂದು ಕೈಯಿಂದಲೇ ಹಾಕಿ. ಖಾನೆ ನಂಬರಿಗೆ 2 ಕೂಡಿಸುವುದನ್ನು ಮರೆಯಬೇಡಿ.

ಹೊಸದನ್ನು ನಡುವೆ ತುರುಕಬೇಕಾದರೆ ಕೊನೆಯಿಂದ ಶುರು ಮಾಡಿ ಒಂದೊಂದೇ ಮುಂದಕ್ಕೆ ಸರಿಸಬೇಕು: ಎಂಟನೆಯದು ಒಂಬತ್ತಕ್ಕೆ, ಏಳನೆಯದು ಎಂಟಕ್ಕೆ. ಮುಂದಿನಿಂದ ಶುರು ಮಾಡಿದರೆ ಮೂರನೆಯದು ನಾಲ್ಕರ ಮೇಲೆ, ಅದೇ ಅಂಕಿ ಐದರ ಮೇಲೆ, ಹೀಗೆ ಎಲ್ಲ ಖಾನೆಯಲ್ಲೂ ಒಂದೇ ಬೆಲೆ ತುಂಬಿಕೊಳ್ಳುತ್ತದೆ. ತೆಗೆಯುವಾಗ ಉಲ್ಟಾ: ಮುಂದಿನಿಂದ ಹಿಂದಕ್ಕೆ ಎಳೆಯಿರಿ. ಸರಿಸಿ ಮುಗಿದ ಮೇಲೆ ಝೆಡ್[1]ರ ಎಣಿಕೆ ಬದಲಿಸಿ.

ತೆಗೆಯುವ ಬದಲು ವಿಧವನ್ನು 4 ಎಂದು ಮಾಡಿ ‘ರದ್ದು’ ಎಂದು ಗುರುತಿಡುವುದು ನಮ್ಮ ಮಟ್ಟಿಗೆ ಇನ್ನೂ ಒಳ್ಳೆಯದು. ಲೆವೆಲ್ ಬುಕ್ಕಿನಲ್ಲಿ ಅಳಿಸದೆ ಗೆರೆ ಎಳೆಯುವ ರೂಢಿ ಇದೆಯಲ್ಲ, ಹಾಗೆ. ಆಗ ಆರ್‌ಎಲ್ ಪ್ರೋಗ್ರಾಮಿನಲ್ಲಿ ಟಿ≠1 ಎಂಬ ಸಾಲನ್ನು ಎರಡು ಸಾಲು ಮಾಡಿ, ಟಿ=2ಕ್ಕೆ ಒಂದು, ಟಿ=3ಕ್ಕೆ ಒಂದು. ಇಲ್ಲವಾದರೆ ರದ್ದಾದದ್ದೂ ಲೆಕ್ಕಕ್ಕೆ ಸೇರುತ್ತದೆ.

ಬಿಡಿಸಿದಾಗ ಕೆಲವೊಮ್ಮೆ ಒಂದು ಅಂಕಿ ಕಡಿಮೆ ಬರುತ್ತೆ. ಯಾಕೆ?

ಭಾಗಾಕಾರ ಮಾಡಿದ ಬೆಲೆಯನ್ನು ದುಂಡಾಗಿಸದೆ ಇಂಟ್‌ಗೆ ಕೊಟ್ಟಿದ್ದೀರಿ. ಎಚ್‌ಪಿ-12ಸಿಯಲ್ಲಿ 1ನ್ನು 3ರಿಂದ ಭಾಗಿಸಿ 3ರಿಂದ ಗುಣಿಸಿ: 0.9999999999. ಅದರ ಪೂರ್ಣಾಂಕ ಭಾಗ 0. ಪರದೆ ಎರಡೇ ದಶಾಂಶಕ್ಕೆ ಇದ್ದರೆ 1.00 ಎಂದು ಕಾಣುತ್ತದೆ, ಒಳಗೆ 1 ಇರುವುದಿಲ್ಲ. ಪರದೆ ತೋರಿಸುವುದು ಬೇರೆ, ಖಾನೆಯಲ್ಲಿ ಇರುವುದು ಬೇರೆ. ಲೆಕ್ಕದಿಂದ ಬಂದ ಬೆಲೆಯನ್ನು ಸೇರಿಸಿ ಇಡುವ ಮುಂಚೆ 0.5 ಕೂಡಿಸಿ ಇಂಟ್ ಮಾಡಿ (ಮೈನಸ್ ಇಲ್ಲದ ಬೆಲೆಗೆ).

ಎಷ್ಟು ಅಂಕಿ ತುರುಕಬಹುದು ಎಂಬುದಕ್ಕೂ ಮಿತಿ ಇದೆ. ಒಳಗೆ ಎಚ್‌ಪಿ-12ಸಿ 10 ಅಂಕಿ ಹಿಡಿಯುತ್ತದೆ, ಎಚ್‌ಪಿ 35ಎಸ್ 12, ಟಿಐ-84 14, ಎಫ್‌ಎಕ್ಸ್-5800ಪಿ 15. ನಮ್ಮ ಉದಾಹರಣೆಗೆ ಐದೇ ಅಂಕಿ ಬೇಕು. ಚೈನೇಜ್ (ಶುರುವಿನಿಂದ ಇರುವ ದೂರ), ವಿಧ, ರೀಡಿಂಗ್ ಮೂರನ್ನೂ ಒಂದೇ ಖಾನೆಗೆ ಹಾಕಹೊರಟರೆ 12ಸಿಯಂಥದ್ದರಲ್ಲಿ ಬಾಲದ ಅಂಕಿಗಳು ಸದ್ದಿಲ್ಲದೆ ಉದುರುತ್ತವೆ.

ಡಿಗ್ರಿ, ಮಿನಿಟ್, ಸೆಕೆಂಡ್ ಹೇಗೆ ಇಡಬೇಕು?

ದಶಾಂಶ ಡಿಗ್ರಿಯಲ್ಲೇ ಇಡಿ. ತುಂಬುವಾಗ 45.3030 ಎಂದು (45 ಡಿಗ್ರಿ 30 ಮಿನಿಟ್ 30 ಸೆಕೆಂಡ್) ಒತ್ತುವುದು ಅನುಕೂಲ, ಆದರೆ ಖಾನೆಗೆ ಹೋಗುವ ಮುಂಚೆ ಬದಲಿಸಬೇಕು. 45.3030 ಮತ್ತು 45.3040ನ್ನು ಹಾಗೇ ಕೂಡಿದರೆ 90.6070. ಸರಿ ಉತ್ತರ 91 ಡಿಗ್ರಿ 1 ಮಿನಿಟ್ 10 ಸೆಕೆಂಡ್. ಈ ತಪ್ಪಿನ ಕೆಟ್ಟ ಗುಣವೆಂದರೆ ಕೆಲವೊಮ್ಮೆ ಉತ್ತರ ಸರಿಯೇ ಬರುತ್ತದೆ, ಮಿನಿಟುಗಳ ಅಥವಾ ಸೆಕೆಂಡುಗಳ ಮೊತ್ತ 60 ಮುಟ್ಟಿದಾಗ ಮಾತ್ರ ಕೆಡುತ್ತದೆ.

ಟಿಐ-84 ಲಿಸ್ಟುಗಳಲ್ಲಿ ಎರರ್ ಬರುತ್ತಲೇ ಇರುತ್ತೆ.

ಲಿಸ್ಟಿನ ಕೊನೆಗೆ ಸೇರಿಸಲು ಎಂ→ಎಲ್1(ಡಿಮ್(ಎಲ್1)+1) ಸರಿ. ಒಂದೇ ಹೆಜ್ಜೆ ಮುಂದೆ ಹೋಗಬಹುದು. ಉದ್ದ 6 ಇದ್ದಾಗ ಎಂಟನೆಯದಕ್ಕೆ ಹಾಕಿದರೆ ಇನ್‌ವ್ಯಾಲಿಡ್ ಡಿಮ್. ಲಿಸ್ಟೇ ಇಲ್ಲದಿದ್ದರೆ ಅನ್‌ಡಿಫೈನ್ಡ್. ಅದಕ್ಕೆ ಶುರುವಿನಲ್ಲಿ ಡೆಲ್‌ವಾರ್ ಬಳಸದೆ ಕ್ಲಿಯರ್ ಲಿಸ್ಟ್ ಬಳಸಿ, ಲಿಸ್ಟ್ ಖಾಲಿಯಾಗಿ ಉಳಿಯುತ್ತದೆ. ಕ್ಯಾಸಿಯೊ ಗ್ರಾಫ್ ಮೆಷಿನ್ನುಗಳಲ್ಲಿ ಉದ್ದ ಬೆಳೆಸಲು ಆಗ್‌ಮೆಂಟ್ ಬಳಸಿ.

ಟಿಐಯಲ್ಲಿ ವಿಧಕ್ಕೆ ಎಲ್1, ರೀಡಿಂಗಿಗೆ ಎಲ್2 ಎಂದು ಬೇರೆ ಬೇರೆ ಇಟ್ಟರೂ ನಡೆಯುತ್ತದೆ. ಆದರೆ ವಿಂಗಡಿಸುವಾಗ ಸಾರ್ಟ್‌ಎ(ಎಲ್1,ಎಲ್2) ಎಂದು ಎರಡನ್ನೂ ಕೊಡಿ. ಎಲ್1 ಒಂದನ್ನೇ ವಿಂಗಡಿಸಿದರೆ ಜೋಡಿ ಕಳಚಿಹೋಗುತ್ತದೆ, ಮತ್ತೆ ಕೂಡಿಸಲು ದಾರಿ ಇಲ್ಲ. ಎಲ್1ರಿಂದ ಎಲ್6 ಎಲ್ಲರೂ ಬಳಸುವ ಲಿಸ್ಟುಗಳು, ಐದು ಅಕ್ಷರದವರೆಗಿನ ಸ್ವಂತ ಹೆಸರು ಕೊಟ್ಟು ಬೇರೆ ಲಿಸ್ಟ್ ಮಾಡಿಕೊಳ್ಳಿ. ದಿನದ ಕೆಲಸ ಮುಗಿದ ಮೇಲೆ ಆರ್ಕೈವ್ ಮಾಡಿದರೆ ರ‍್ಯಾಮ್ ಅಳಿದರೂ ಲಿಸ್ಟ್ ಉಳಿಯುತ್ತದೆ. ಬಳಸುವ ಮುಂಚೆ ಅನ್‌ಆರ್ಕೈವ್ ಮಾಡಬೇಕು.

ಪ್ರೋಗ್ರಾಂ ಹೊತ್ತು ಕಳೆದಂತೆ ನಿಧಾನವಾಗಿ ಕೊನೆಗೆ ಮೆಮೊರಿ ಎರರ್ ಕೊಟ್ಟರೆ ಫಾರ್ ಲೂಪಿನ ಒಳಗಿಂದ ಗೋಟು ಹಾಕಿ ಹೊರಗೆ ಹಾರಿದ್ದೀರಿ. ಪ್ರತಿ ಸಲ ಹಾರಿದಾಗಲೂ ಮುಗಿಯದ ಲೂಪಿನ ಗುರುತು ರ‍್ಯಾಮಿನಲ್ಲಿ ಉಳಿಯುತ್ತದೆ.

ಎಚ್‌ಪಿ-12ಸಿಯಲ್ಲಿ ಇಟ್ಟ ಅಂಕಿ ಮಾಯವಾಗುತ್ತೆ, ಎರರ್ 6 ಬರುತ್ತೆ.

12ಸಿಯಲ್ಲಿ ಪ್ರೋಗ್ರಾಂ ಸಾಲುಗಳು ಅಂಕಿಯ ಖಾನೆಗಳನ್ನೇ ನುಂಗುತ್ತವೆ. ಶುರುವಿನಲ್ಲಿ 8 ಸಾಲು, 20 ಖಾನೆ. ಒಂಬತ್ತನೇ ಸಾಲು ಬರೆದ ಕೂಡಲೇ .9 ಖಾನೆ 7 ಸಾಲುಗಳಾಗಿ ಮಾರ್ಪಡುತ್ತದೆ, ಆಮೇಲೆ .8, ಹೀಗೆ ಕೆಳಕ್ಕೆ. 99 ಸಾಲು ತುಂಬಿದರೆ ಉಳಿಯುವುದು 0ಯಿಂದ 6ರವರೆಗಿನ 7 ಖಾನೆ ಮಾತ್ರ. ಹೋದ ಖಾನೆಗೆ ಅಂಕಿ ಹಾಕಿದರೆ ಎರರ್ 6. ಅದಕ್ಕೇ ಪ್ರೋಗ್ರಾಂ ಪೂರ್ತಿ ಬರೆದು, ಆಮೇಲೆ ಅಂಕಿ ತುಂಬಿ.

ಅದರಲ್ಲೂ 1ರಿಂದ 6 ಸ್ಟಾಟಿಸ್ಟಿಕ್ಸಿನ ಖಾನೆಗಳು. ಅಲ್ಲಿ ಬಡ್ಡಿ ದರ ಇಟ್ಟುಕೊಂಡು Σ+ (ಅಂಕಿಯನ್ನು ಮೊತ್ತಕ್ಕೆ ಸೇರಿಸುವ ಕೀ) ಒತ್ತಿದರೆ ದರ ಕೆಟ್ಟಿತು.

35ಎಸ್‌ನ ಸ್ವಭಾವ ಬೇರೆ. ಅದು ಸೊನ್ನೆ ಅಲ್ಲದ ಕೊನೆಯ ಖಾನೆಯವರೆಗೆ ಮಾತ್ರ ಜಾಗ ಕಾದಿರಿಸುತ್ತದೆ. ಅದರ ಮುಂದಿನ ಸೊನ್ನೆಗಳನ್ನು ಓದಹೋದರೆ ಇನ್‌ವ್ಯಾಲಿಡ್ ಎನ್ನುತ್ತದೆ. ನೂರು ಖಾನೆ ಬೇಕಿದ್ದರೆ ನೂರರ ಆಚೆಯ ಒಂದು ಖಾನೆಗೆ 1 ಹಾಕಿಡಿ, ಕೆಳಗಿನವೆಲ್ಲ ತೆರೆದೇ ಇರುತ್ತವೆ.

ತೊಗರಿ ಚೀಲದ ತೂಕ ಕೂಡುವಾಗ ಒಂದು ಅಂಕಿ ತಪ್ಪು ಒತ್ತಿದೆ. ಮೊದಲಿಂದ ಮಾಡಬೇಕಾ?

ಬೇಡ. Σ+ ಬಳಸುವ ಮೆಷಿನ್ನಿನಲ್ಲಿ ಅದೇ ತಪ್ಪು ಅಂಕಿಯನ್ನು ಮತ್ತೆ ಒತ್ತಿ Σ− ಕೊಟ್ಟರೆ ಮೊತ್ತವೂ ಎಣಿಕೆಯೂ ಹಿಂದಕ್ಕೆ ಬರುತ್ತವೆ. ಆದರೆ ಯಾವ ಅಂಕಿ ಒತ್ತಿದ್ದೆ ಎಂದು ಗೊತ್ತಿರಬೇಕಲ್ಲ. ಮೊತ್ತ ಮಾತ್ರ ಇಡುವ ಪ್ರೋಗ್ರಾಮಿನ ದೌರ್ಬಲ್ಯ ಅದೇ. 60 ಚೀಲವಿದ್ದರೆ ಅರವತ್ತು ತೂಕವನ್ನೂ ಖಾನೆಯಲ್ಲಿಟ್ಟು ಕೊನೆಗೆ ಕೂಡುವುದು ವಾಸಿ, ಮಾರಿದವರು ಕೇಳಿದರೆ ಒಂದೊಂದನ್ನೂ ತೋರಿಸಬಹುದು. ದಿನವೂ ಬದಲಾಗುವ ಕ್ವಿಂಟಲ್ ದರವನ್ನು ಪ್ರೋಗ್ರಾಮಿನ ಒಳಗೆ ಬರೆಯಬೇಡಿ, ಕೇಳಿ ತುಂಬಿಸಿಕೊಳ್ಳಲಿ. ಕ್ವಿಂಟಲಿಗೆ 100 ಕಿಲೋ ಎಂಬಂಥ ಬದಲಾಗದ್ದು ಒಳಗಿರಲಿ.

ಹಳೆಯ ಕ್ಯಾಸಿಯೊದಲ್ಲಿ ಎ[1]ಕ್ಕೆ ಅಂಕಿ ಹಾಕಿದರೆ ಬಿ ಬದಲಾಗುತ್ತೆ. ಮೆಷಿನ್ ಕೆಟ್ಟಿದೆಯಾ?

ಕೆಟ್ಟಿಲ್ಲ. 1985ರ ಎಫ್‌ಎಕ್ಸ್-7000ಜಿ ಕಾಲದ ಮೆಷಿನ್ನುಗಳಲ್ಲಿ ಎ[0] ಎಂದರೆ ಎ, ಎ[1] ಎಂದರೆ ಬಿ, ಎ[2] ಎಂದರೆ ಸಿ. ಒಂದೇ ಖಾನೆಗೆ ಎರಡು ಹೆಸರು. ಅಲ್ಲಿ ನಂಬರ್ ಹಾಕಿದ ಖಾನೆ ಬೇಕಿದ್ದರೆ ಝೆಡ್[1]ರಿಂದ ಶುರು ಮಾಡಿ, ಅದು 26 ಅಕ್ಷರಗಳ ಆಚೆ ಬೀಳುತ್ತದೆ. ಅದಕ್ಕೆ ಡೆಫ್ಎಂ ಕಮಾಂಡಿನಿಂದ ಜಾಗ ಕೇಳಬೇಕು. 7000ಜಿಯಲ್ಲಿ ಒಂದು ಖಾನೆಗೆ 8 ಸ್ಟೆಪ್ (ಪ್ರೋಗ್ರಾಂ ಜಾಗದ ಅಳತೆ) ಖರ್ಚು, ಇರುವುದೇ 422 ಸ್ಟೆಪ್.

ಬಿಸಿಲಿಗೆ ಪರದೆ ಕಪ್ಪಾಗುತ್ತೆ. ಸೆಲ್ ಬದಲಿಸಿದರೆ ಅಂಕಿ ಹೋಗುತ್ತಾ?

ಎಫ್‌ಎಕ್ಸ್-5800ಪಿಯನ್ನು 0ಯಿಂದ 40 ಡಿಗ್ರಿಯೊಳಗೆ ಬಳಸಬೇಕೆಂದು ಹೇಳಲಾಗಿದೆ. ನಮ್ಮ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೆರಳಲ್ಲೇ ಅದನ್ನು ದಾಟುತ್ತದೆ, ಜೀಪಿನ ಡ್ಯಾಶ್‌ಬೋರ್ಡಿನ ಮೇಲಂತೂ ಕೇಳಲೇಬೇಡಿ. ಪರದೆ ಕಪ್ಪಾದರೆ ಕೀ ಒತ್ತಬೇಡಿ. ಕಾಣದೆ ಒತ್ತಿದ ಕೀ ಯಾವ ಖಾನೆಗೆ ಏನು ಹಾಕಿತೆಂದು ತಿಳಿಯದು. ಒದ್ದೆ ಬಟ್ಟೆ ಸುತ್ತಬೇಡಿ, ಬೆಳಗ್ಗೆಯ ಲೆವೆಲ್ ಬುಕ್ಕಿನ ಜೊತೆ ಬ್ಯಾಗಿನೊಳಗೆ ನೆರಳಲ್ಲಿಡಿ, ತಣ್ಣಗಾದರೆ ಪರದೆ ತಾನಾಗಿ ತಿಳಿಯಾಗುತ್ತದೆ.

ಸೆಲ್ ಬದಲಿಸುವ ಮುಂಚೆ ಝೆಡ್[1], ಝೆಡ್[2] ಮತ್ತು ಕೊನೆಯ ರೀಡಿಂಗನ್ನು ಕಾಗದಕ್ಕೆ ಇಳಿಸಿ. ಹೊಸ ಸೆಲ್ಲಿನ ಪ್ಯಾಕೆಟ್ ಬಿಚ್ಚಿ ಕೈಯಲ್ಲಿಟ್ಟುಕೊಂಡು ಮುಚ್ಚಳ ತೆಗೆಯಿರಿ. ಸೆಲ್ ಇಲ್ಲದಾಗ ಆನ್ ಕೀ ಒತ್ತಲೇಬೇಡಿ, ಉಳಿದ ಅಲ್ಪ ವಿದ್ಯುತ್ತೂ ಹೋಗುತ್ತದೆ. ಟಿಐ-84 ಪ್ಲಸ್‌ನಲ್ಲಿ ನಾಲ್ಕು ಎಎಎ ಸೆಲ್ಲುಗಳ ಜೊತೆ ಮೆಮೊರಿ ಕಾಯಲು ಬೇರೊಂದು ಬಟನ್ ಸೆಲ್ ಇದೆ. ಎರಡನ್ನೂ ಒಟ್ಟಿಗೆ ತೆಗೆದರೆ ರ‍್ಯಾಮ್ ಖಾಲಿ.

ಅಂಕಿಗಳನ್ನು ಕಂಪ್ಯೂಟರಿಗೆ ತರಬಹುದಾ?

ಮೆಷಿನ್ ಮೇಲೆ ಹೋಗುತ್ತದೆ. ಎಫ್‌ಎಕ್ಸ್-5800ಪಿಯಿಂದ ಇನ್ನೊಂದು 5800ಪಿಗೆ ಎಸ್‌ಬಿ-62 ಕೇಬಲ್ಲಿನಿಂದ ಪ್ರೋಗ್ರಾಂ ಕಳಿಸಬಹುದು, ಕಂಪ್ಯೂಟರಿಗೆ ದಾರಿ ಇಲ್ಲ. ಎಚ್‌ಪಿ 35ಎಸ್‌ಗೆ ಕೇಬಲ್ ಹಾಕುವ ಜಾಗವೇ ಇಲ್ಲ. ಟಿಐ-84ಕ್ಕೆ ಯುಎಸ್‌ಬಿ ಕೇಬಲ್, ಟಿಐ ಕನೆಕ್ಟ್ ಸಾಫ್ಟ್‌ವೇರ್ ಸಾಕು. ಎಫ್‌ಎಕ್ಸ್-ಸಿಜಿ50 ಕೇಬಲ್ ಹಾಕಿದರೆ ಪೆನ್ ಡ್ರೈವಿನಂತೆ ಕಾಣಿಸಿಕೊಳ್ಳುತ್ತದೆ, ಲಿಸ್ಟನ್ನು ಸಿಎಸ್‌ವಿ ಫೈಲ್ ಮಾಡಿ ನೇರವಾಗಿ ಎಕ್ಸೆಲ್‌ನಲ್ಲಿ ತೆರೆಯಬಹುದು. ಹೊಸದಾಗಿ ಕೊಳ್ಳುವವರು, ಆಫೀಸಿನಲ್ಲಿ ಮತ್ತೆ ಟೈಪ್ ಮಾಡುವ ಕೆಲಸ ಹೆಚ್ಚಿದ್ದರೆ, ಇದೊಂದನ್ನು ನೋಡಿ ಮೆಷಿನ್ ಆರಿಸಿ.

ಒಂದೇ ಮೆಷಿನ್ ಇಬ್ಬರು ಮೂವರು ಬಳಸ್ತೀವಿ. ಹೇಗೆ ಹಂಚಿಕೊಳ್ಳೋದು?

ಝೆಡ್ ಖಾನೆಗಳು ಎಲ್ಲರಿಗೂ ಒಂದೇ, ಪ್ರೋಗ್ರಾಮಿಗೊಂದು ಎಂದು ಬೇರೆ ಇರುವುದಿಲ್ಲ. ನಂಬರ್ ಹಂಚಿಕೊಳ್ಳಿ: ಒಬ್ಬರಿಗೆ 1ರಿಂದ 202, ಇನ್ನೊಬ್ಬರಿಗೆ 301ರಿಂದ 502. ಎರಡನೆಯವರ ಪ್ರೋಗ್ರಾಮಿನಲ್ಲಿ ಎಲ್ಲ ಝೆಡ್ ನಂಬರಿಗೂ 300 ಕೂಡಿಸಬೇಕು: ಎಣಿಕೆ ಝೆಡ್[301], ರೀಡಿಂಗ್ ಝೆಡ್[ಎನ್+302]. ಡಿಮ್ ಝೆಡ್ 502 ಎಂದು ಒಮ್ಮೆ ಕೈಯಿಂದ ಕೊಟ್ಟು, ಇಬ್ಬರ ಆರಂಭದ ಪ್ರೋಗ್ರಾಮಿನಿಂದಲೂ ಆ ಸಾಲನ್ನು ತೆಗೆದುಬಿಡಿ. ಮೊದಲನೆಯವರ 202→ಡಿಮ್ ಝೆಡ್ ಉಳಿದಿದ್ದರೆ ಎರಡನೆಯವರ ಖಾನೆಗಳು ಇಲ್ಲವಾಗುತ್ತವೆ. ಖಾನೆ ಪಟ್ಟಿಯ ಕಾಗದವನ್ನು ಚಿಕ್ಕದಾಗಿ ಮಡಚಿ ಮೆಷಿನ್ನಿನ ಮುಚ್ಚಳದೊಳಗೆ ಅಂಟಿಸಿ, ಬದಲಾವಣೆ ಮಾಡಿದ ದಿನವೇ ಅದರಲ್ಲೂ ತಿದ್ದಿ.